ಜೇನು ಬೇಡ ಅಂದ ವೈದ್ಯ

ರೂಪನಗುಡಿ ಇರಲಿ, ಕುರುಗೋಡು ಇರಲಿ, ನಮ್ಮ ಬಳ್ಳಾರಿ ಕಡೆ ಮಗು ಕೆಮ್ಮಿದರೆ ಶುಂಠಿರಸಕ್ಕೆ ಜೇನು ಬೆರೆಸಿ ನೆಕ್ಕಿಸ್ತಾರೆ. ಆದರೆ ಕನ್ನಡದ ತುಂಬಾ ಹಳೆಯ ವೈದ್ಯಗ್ರಂಥವೊಂದು ಆ ಜೇನನ್ನೇ ಬೇಡ ಅಂದಿತ್ತು!

ಅದು ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’. 12ನೇ ಶತಮಾನದ್ದು, ಪೂಜ್ಯಪಾದರ ಸಂಸ್ಕೃತ ಗ್ರಂಥದ ಕನ್ನಡ ರೂಪ. ಜೈನನಾದ ಸೋಮನಾಥ ಮದ್ಯ, ಮಾಂಸ, ಜೇನು ಮೂರನ್ನೂ ಚಿಕಿತ್ಸೆಯಿಂದ ಹೊರಗಿಟ್ಟ. ಚರಕ, ಸುಶ್ರುತರು ಬಡಕಲಾದ ರೋಗಿಗೆ ಮಾಂಸರಸ ಕೊಡಿ ಅಂತಾರೆ. ಹಾಗಾದರೆ ಒಂದು ಜೀವ ಉಳಿಸೋಕೆ ಇನ್ನೊಂದು ಜೀವ ತೆಗೆಯಬಹುದಾ? ಜೈನ ವೈದ್ಯರನ್ನು ಕಾಡಿದ್ದು ಈ ಪ್ರಶ್ನೆ. 9ನೇ ಶತಮಾನದಲ್ಲೇ ಉಗ್ರಾದಿತ್ಯಾಚಾರ್ಯರು ನೃಪತುಂಗನ ಸಭೆಯಲ್ಲಿ ಮಾಂಸದ ವಿರುದ್ಧ ವಾದಿಸಿದ್ದರು.

ಕ್ರೈಸ್ತ ಯುರೋಪಿನಲ್ಲೂ ಧರ್ಮ ರೋಗಿಯ ಹಾಸಿಗೆವರೆಗೆ ಬಂತು. 1215ರಲ್ಲಿ ರೋಮ್‌ನ ನಾಲ್ಕನೇ ಲ್ಯಾಟೆರನ್ ಸಭೆ, ವೈದ್ಯರು ರೋಗಿಗೆ ಮೊದಲು ಪಾದ್ರಿಯನ್ನು ಕರೆಸಲು ಹೇಳಬೇಕು ಅಂತ ವಿಧಿಸಿತು. ಪಾದ್ರಿಗಳು ಸುಡುವ, ಕೊಯ್ಯುವ ಶಸ್ತ್ರಚಿಕಿತ್ಸೆ ಮಾಡಬಾರದು ಅಂತಲೂ ಹೇಳಿತು.

ನಮ್ಮ ಜೈನ ವೈದ್ಯರು ವಾತ, ಪಿತ್ತ, ಕಫದ ಲೆಕ್ಕವನ್ನೇನೂ ಬಿಡಲಿಲ್ಲ. ದೇಹದ ಶಾಸ್ತ್ರ ಅದೇ. ಔಷಧಿ ಮಾತ್ರ ಬದಲಾಯ್ತು. ವ್ರತವನ್ನೂ ಬಿಡದೆ, ರೋಗಿಯನ್ನೂ ಕೈಬಿಡದೆ ದಾರಿ ಹುಡುಕಿದರು.