ಮೇರಿಯಸನ ಹೇಸರಗತ್ತೆಗಳು

ರೋಮನ್ನರ ಪ್ರಾಬಲ್ಯವನ್ನು ಕಟ್ಟಿದುದು ಕತ್ತಿಯೆಂದು ನಾವೆಲ್ಲರೂ ಓದಿದ್ದೇವೆ. ಆ ಕತ್ತಿಯನ್ನು ಹಿಡಿದ ತೋಳಿಗೆ ಬಲವನ್ನು ಕೊಟ್ಟುದು ಹೆಗಲ ಮೇಲಿನ ಹೊರೆ ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಕ್ರಿ. ಪೂ. 105ರಲ್ಲಿ, ಈಗಿನ ದಕ್ಷಿಣ ಫ್ರಾನ್ಸಿನ ಅರೌಸಿಯೋ ಎಂಬಲ್ಲಿ, ಉತ್ತರದಿಂದ ಬಂದ ಕಿಂಬ್ರಿ ಮೊದಲಾದ ಜನಾಂಗದವರು ರೋಮನ್ನರ ಎರಡು ಸೇನೆಗಳನ್ನು ನಿರ್ನಾಮಮಾಡಿದರು. ಇಟಲಿಯ ಬಾಗಿಲೇ ತೆರೆದಂತಾಯಿತು. ಆಗ ಸೇನಾಧಿಪತ್ಯವನ್ನು ವಹಿಸಿದ ಮೇರಿಯಸನು ಸೈನಿಕರನ್ನು ಓಟದಿಂದಲೂ ದೀರ್ಘವಾದ ನಡಿಗೆಯಿಂದಲೂ ಪಳಗಿಸಿದನು. ಅವರವರ ಸಾಮಾನನ್ನು ಅವರವರೇ ಹೊರಬೇಕೆಂದು ವಿಧಿಸಿದನು. ಗಂಟುಕಟ್ಟಿ ಹೆಗಲಿಗೇರಿಸಲು ಒಂದು ಕವೆಗೋಲು ಸಾಕಾಯಿತು. ಸೇನೆಯನ್ನು ತಡೆಯುತ್ತಿದ್ದ ಹೇರಿನ ಪ್ರಾಣಿಗಳು ಕಡಮೆಯಾದುವು. ಗೊಣಗದೆ ದುಡಿಯುವವರಿಗೆ ‘ಮೇರಿಯಸನ ಹೇಸರಗತ್ತೆಗಳು’ ಎಂಬ ಹೆಸರು ಬಂದಿತೆಂದು ಪ್ಲೂಟಾರ್ಕನು ಹೇಳುತ್ತಾನೆ. ಕ್ರಿ. ಪೂ. 102ರಲ್ಲಿ ಟ್ಯೂಟನರನ್ನೂ 101ರಲ್ಲಿ ಕಿಂಬ್ರಿಗಳನ್ನೂ ಮುರಿದವರು ಇವರೇ.

ಹೊರೆಯಲ್ಲಿ ಇದ್ದುದಾದರೂ ಏನು? ಗರಗಸ, ಬುಟ್ಟಿ, ಗುದ್ದಲಿ, ಕೊಡಲಿ, ಕುಡುಗೋಲು, ಮೂರು ದಿನದ ಬುತ್ತಿ—ಇದು ಕ್ರಿ. ಶ. ಮೊದಲನೆಯ ಶತಮಾನದ ಜೋಸೆಫಸನು ಕೊಡುವ ಪಟ್ಟಿ. ಬೆಳಗ್ಗೆ ಭಾರವಾಗಿದ್ದ ಗುದ್ದಲಿಯೇ ಸಂಜೆ ಕಂದಕವನ್ನು ತೋಡಿ ಪಾಳೆಯವನ್ನು ಕಾಯುತ್ತಿದ್ದಿತು. ಹೊಸ ಸೈನಿಕನು 60 ರೋಮನ್ ಪೌಂಡು, ಎಂದರೆ ಸುಮಾರು 20 ಕಿಲೋಗ್ರಾಂ, ಹೊತ್ತು ನಡೆಯುವುದನ್ನು ಅಭ್ಯಾಸಮಾಡಬೇಕೆಂದು ಅನಂತರದ ವೆಜೀಷಿಯಸನು ಬರೆದನು.

ಕ್ರಿ. ಶ. 113ರ ಟ್ರೇಜನನ ಸ್ತಂಭದಲ್ಲಿ ಗಂಟುಹೊತ್ತ ಈ ಸೈನಿಕರು ಇಂದಿಗೂ ನಡೆಯುತ್ತಿದ್ದಾರೆ. ಚಕ್ರವರ್ತಿಯ ಜಯಸ್ತಂಭದಲ್ಲಿ ಹೇಸರಗತ್ತೆಗೂ ಸ್ಥಳ ದೊರೆಯಿತು. ಅದು ನ್ಯಾಯವೇ ಸರಿ.