ಬಹುಪತ್ನೀತ್ವದಿಂದ ಬಹುಪ್ರೇಮದವರೆಗೆ

ಠಾಣೆ, ಡೊಂಬಿವಲಿ, ಕಲ್ಯಾಣ, ನವೀ ಮುಂಬಯಿಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಅನೇಕರ ಮೂಲಸ್ಥಾನ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು. 1956ರ ತನಕ ಈ ನಾಲ್ಕು ಜಿಲ್ಲೆಗಳೂ ಠಾಣೆ ಜಿಲ್ಲೆಯೂ ಒಂದೇ ಮುಂಬಯಿ ಆಡಳಿತಕ್ಕೆ ಸೇರಿದ್ದುವು. ಆದಕಾರಣ ಹಿಂದೂ ಪುರುಷನ ಬಹುಪತ್ನೀತ್ವಕ್ಕೆ ಎರಡೂ ಕಡೆ ತಡೆಯೊಡ್ಡಿದುದು ಒಂದೇ ಕಾನೂನು. ಬಹುಪ್ರೇಮದ ಮಾತು ಕೇಳಿಬರುತ್ತಿರುವ ಈ ದಿನಗಳಲ್ಲಿ ಆ ಚರಿತ್ರೆಯು ಪರಿಶೀಲನಾರ್ಹವಾಗಿದೆ.

ಅಂದಿನ ದಂಡಸಂಹಿತೆಯಂತೆ ಪತಿ ಜೀವಿಸಿರುವಾಗ ಮರುವಿವಾಹವಾದ ಹಿಂದೂ ಸ್ತ್ರೀಯು ಅಪರಾಧಿ. ಪುರುಷನಿಗೆ ಅಂತಹ ನಿರ್ಬಂಧವಿರಲಿಲ್ಲ. 1946ರಲ್ಲಿ ಮುಂಬಯಿ ಶಾಸನಸಭೆಯು ಹಿಂದೂ ದ್ವಿಪತ್ನೀತ್ವವನ್ನು ನಿಷೇಧಿಸಿ, ಏಳು ವರ್ಷಗಳವರೆಗಿನ ಕಾರಾಗೃಹವಾಸವನ್ನು ವಿಧಿಸಿತು. ಪುತ್ರಪ್ರಾಪ್ತಿಗಾಗಿ ಮರುಮದುವೆ ಧರ್ಮಸಮ್ಮತವೆಂಬ ವಾದವು 1951ರಲ್ಲಿ ನರಸು ಅಪ್ಪಾ ಮಾಳಿ ಪ್ರಕರಣದಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ಮುಂದೆ ಬಂದಿತು. ಮುಖ್ಯ ನ್ಯಾಯಾಧೀಶ ಛಾಗ್ಲಾ ಅವರೂ, ಹೆಸರಿನಲ್ಲಿಯೇ ಕನ್ನಡನಾಡಿನ ಊರನ್ನು ಹೊತ್ತಿದ್ದ ಗಜೇಂದ್ರಗಡ್ಕರರೂ ಕಾನೂನನ್ನು ಎತ್ತಿಹಿಡಿದರು. ಪುತ್ರನು ಬೇಕಾದವನಿಗೆ ದತ್ತಕದ ಮಾರ್ಗವಿದ್ದೇ ಇದೆಯಲ್ಲವೇ? 1955ರ ಹಿಂದೂ ವಿವಾಹ ಅಧಿನಿಯಮವು ಏಕಪತ್ನೀತ್ವದ ನಿಯಮವನ್ನು ದೇಶವ್ಯಾಪಿಯಾಗಿಸಿತು.

ಆದರೆ ನಿಷೇಧದ ಭಾರ ಬಿದ್ದುದು ಯಾರ ಮೇಲೆ? ಎರಡನೆಯ ಮದುವೆ ವಿಧಿವತ್ತಾಗಿ ನಡೆದುದು ಸಿದ್ಧವಾಗದಿದ್ದರೆ ಅಪರಾಧವಿಲ್ಲವೆಂದು 1965ರಲ್ಲಿ, ಮಹಾರಾಷ್ಟ್ರದ ವ್ಯಾಜ್ಯವೊಂದರಲ್ಲಿ, ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಹೀಗಾಗಿ ವಿಧಿಯಲ್ಲಿ ಲೋಪವಿದ್ದರೆ ಪುರುಷನು ಶಿಕ್ಷೆಯಿಂದ ಪಾರಾಗಬಹುದಿತ್ತು. ಅವನನ್ನು ನಂಬಿದ ಹೆಣ್ಣಿಗೆ ಮಾತ್ರ ಪತ್ನಿಯ ಸ್ಥಾನ ಸಿಗುತ್ತಿರಲಿಲ್ಲ. ಮಕ್ಕಳ ಪಾಡು ನಿಧಾನವಾಗಿ ಸುಧಾರಿಸಿತು. 1976ರ ತಿದ್ದುಪಡಿಯು ಇಂತಹ ವಿವಾಹಗಳ ಸಂತಾನಕ್ಕೆ ಔರಸತ್ವವನ್ನು ದೃಢಪಡಿಸಿತು. 2023ರಲ್ಲಿ, ಕರ್ನಾಟಕದ ಕುಟುಂಬವೊಂದರ ವ್ಯಾಜ್ಯದಲ್ಲಿ, ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತಂದೆತಾಯಿಗೆ ಸಲ್ಲುವ ಪಾಲಿನಲ್ಲಿಯೂ ಅವರಿಗೆ ಹಕ್ಕುಂಟೆಂದು ಸರ್ವೋಚ್ಚ ನ್ಯಾಯಾಲಯವು ನಿರ್ಣಯಿಸಿತು.

ಬಹುಪ್ರೇಮವು ಹಳೆಯ ಬಹುಪತ್ನೀತ್ವವಲ್ಲ. ಸಂಬಂಧಪಟ್ಟವರೆಲ್ಲರ ಅರಿವು, ಸಮ್ಮತಿ, ಸ್ತ್ರೀಪುರುಷರ ಸಮಾನ ಸ್ವಾತಂತ್ರ್ಯ, ಇವು ಅದರ ಲಕ್ಷಣಗಳೆಂದು ಅದರ ಪ್ರತಿಪಾದಕರು ಹೇಳುತ್ತಾರೆ. 2018ರಲ್ಲಿ ವ್ಯಭಿಚಾರವನ್ನು ಅಪರಾಧವೆನ್ನುತ್ತಿದ್ದ ದಂಡಸಂಹಿತೆಯ ವಿಧಿಯು ರದ್ದಾಯಿತಾದರೂ, ವಿಚ್ಛೇದನಕ್ಕೆ ಅದು ಈಗಲೂ ಕಾರಣವೇ ಆಗಿದೆ. ಬಹುಪ್ರೇಮದ ಮೂವರು ಒಂದೇ ಮನೆಯಲ್ಲಿ ವಾಸಿಸಿದರೂ ಮೂವರ ವಿವಾಹಕ್ಕೆ ಕಾನೂನಿನ ಮನ್ನಣೆಯಿಲ್ಲ. ಮೂರನೆಯವರಿಗೆ ಪತಿ ಅಥವಾ ಪತ್ನಿಯೆಂಬ ವಾರಸುದಾರಿಕೆಯೂ ಇಲ್ಲ.

ಬಹುಪತ್ನೀತ್ವದ ಚರಿತ್ರೆಯು ಕಲಿಸುವ ಪಾಠವೊಂದುಂಟು. ಸಂಬಂಧಗಳ ಸಂಖ್ಯೆಗಿಂತ ಅವುಗಳ ಹೊಣೆ ಮುಖ್ಯವಾದುದು. ಒಪ್ಪಲೊಲ್ಲದವಳಿಗೆ ಮನೆಬಿಟ್ಟು ಬದುಕುವ ಆಸರೆಯಿದ್ದರೆ ಮಾತ್ರ ಸಮ್ಮತಿಯೆಂಬ ಮಾತಿಗೆ ಅರ್ಥವುಂಟು. ಮಕ್ಕಳ ಸಮ್ಮತಿಯನ್ನಂತೂ ಯಾರೂ ಕೇಳಿರುವುದಿಲ್ಲ. ಸಂಬಂಧ ಮುರಿದ ದಿನ ಇವರಿಬ್ಬರ ಕೈಯಲ್ಲಿ ಏನು ಉಳಿಯುವುದೆಂಬ ಪ್ರಶ್ನೆಗೆ ಹಳೆಯ ಪದ್ಧತಿಯು ಉತ್ತರಿಸಲಿಲ್ಲ, ಹೊಸತು ಉತ್ತರಿಸಬೇಕಾಗಿದೆ.