ಕೃಪೆಯೋ ಕರಾರೋ?

ರಿಯಾಯಿತಿ

ಕ್ಲೌಡ್ ಸೇವೆಯ ಬಿಲ್ಲುಗಳಲ್ಲಿ 'ಬದ್ಧ ವೆಚ್ಚದ ರಿಯಾಯಿತಿ' ಎಂಬ ಮಾತು ಈಗ ಹೊಸದಲ್ಲ. ಪದವಂತೂ ಹಳೆಯದು. ಅರಬ್ಬಿಯಲ್ಲಿ ಇದರ ಬೇರಿಗೆ ಮಂದೆ ಮೇಯಿಸುವುದು, ಕಾಯುವುದು ಎಂಬ ಅರ್ಥ. ಅದೇ ಬೇರಿನ 'ರಯ್ಯತ್', ಎಂದರೆ ಒಡೆಯನು ಕಾಪಾಡಬೇಕಾದ ಪ್ರಜೆ, ಕನ್ನಡಕ್ಕೆ ಬಂದು 'ರೈತ'ನಾದ. 'ರಿಆಯತ್' ಪಾರಸಿ, ಹಿಂದೂಸ್ತಾನಿಗಳ ದಾರಿ ಹಿಡಿದು ರಿಯಾಯಿತಿಯಾಯಿತು. ರೈತನೂ ರಿಯಾಯಿತಿಯೂ ಹೀಗೆ ದಾಯಾದಿಗಳು (ಸಾಲಮನ್ನಾದ ಗದ್ದಲದಲ್ಲಿ ಇದು ಯಾರಿಗೂ ನೆನಪಾಗುವುದಿಲ್ಲ). ಹಿಂದಿಯ 'ರಿಯಾಯತ್'ನಲ್ಲಿ ಇಂದಿಗೂ ದಾಕ್ಷಿಣ್ಯದ ಛಾಯೆಯಿದೆ: ಮೇಲಿನವನು ಮನಸ್ಸು ಮಾಡಿ ಕೊಡುವ ಸಡಿಲಿಕೆ.

ಕ್ಲೌಡ್ ಬಿಲ್ಲಿಗೆ ಈ ಅರ್ಥ ಹೊಂದುವುದಿಲ್ಲ. ಅಮೆಜಾನ್ 2019ರಲ್ಲಿ ತಂದ ಸೇವಿಂಗ್ಸ್ ಪ್ಲಾನ್ಸ್ ನೋಡಿ: ಗಂಟೆಗೆ ಇಷ್ಟು ಡಾಲರ್ ಎಂದು 1 ಅಥವಾ 3 ವರ್ಷಕ್ಕೆ ಗ್ರಾಹಕನೇ ಮಾತು ಕೊಡಬೇಕು; ಆಗ ದರ ಇಳಿಯುತ್ತದೆ. ಬಳಸದಿದ್ದರೂ ಹಣ ತೆರಬೇಕು, ಉಳಿದದ್ದು ಮುಂದಿನ ಗಂಟೆಗೆ ಸಾಗದು. ಇದು ಕೃಪೆಯಲ್ಲ, ಕರಾರು. ಆಷಾಢದ ಸೀರೆಯಂಗಡಿಯ ರಿಯಾಯಿತಿಯೂ ಕೃಪೆಯಲ್ಲವಲ್ಲ, ಪದದ ಅರ್ಥ ಎಂದೋ ಬದಲಾಗಿದೆ ಎನ್ನಬಹುದು. ನಿಜ; ಆದರೆ ಅಲ್ಲಿ ಕೊಳ್ಳದವನ ಜೇಬಿನಿಂದ ಏನೂ ಹೋಗುವುದಿಲ್ಲ. ಹಾಗಾಗಿ ಇಲ್ಲಿಗೆ 'ಕರಾರು ದರ' ಎಂಬುದೇ ಸರಿ. ಹಳೆಯ ಪದವನ್ನೇ ಇಟ್ಟುಕೊಳ್ಳುವುದಾದರೆ ಕ್ಲೌಡ್ ವೆಚ್ಚದ ವರದಿಯಲ್ಲಿ ಅದರ ಪಕ್ಕಕ್ಕೇ ವ್ಯರ್ಥವಾದ ಮೊತ್ತವೂ ಕಾಣಬೇಕು. ಗಂಟೆಗೆ 10 ಡಾಲರ್ ಒಪ್ಪಿ 7 ಡಾಲರಿನಷ್ಟೇ ಬಳಸಿದವನಿಗೆ ಉಳಿದ 3 ಡಾಲರನ್ನು ಯಾವ ರಿಯಾಯಿತಿಯ ಲೆಕ್ಕಕ್ಕೆ ಬರೆಯುವುದು?